‘ಸರ್ವರ್ ಡೌನ್’ ಅಂದ್ರೆ ನಿಜಕ್ಕೂ ಡೌನ್ ಆಗಿರೋದು ಯಾವುದು?

(ಪಾಡ್‌ಕ್ಯಾಸ್ಟ್ ಕಂತಿನ ಪಠ್ಯರೂಪ. ಓದಿಗೆ ಅನುಕೂಲವಾಗಲೆಂದು ಅಲ್ಪಸ್ವಲ್ಪ ತಿದ್ದಲಾಗಿದೆ.)

ಬಳ್ಳಾರಿಯಿಂದ ಮಾತಾಡ್ತಿದ್ದೀನಿ. ಇವತ್ತಿನ ಕಂತು ಎರಡೇ ಎರಡು ಪದದ ಬಗ್ಗೆ: ‘ಸರ್ವರ್ ಡೌನ್’.

ಈ ಎರಡು ಪದ ಇಂಗ್ಲಿಷ್ ಅಂತ ಯಾರಿಗೂ ಅನ್ನಿಸೋದೇ ಇಲ್ಲ ಈಗ. ರೇಷನ್ ಅಂಗಡಿ, ಗ್ರಾಮ ಒನ್, ಸಬ್ ರಿಜಿಸ್ಟ್ರಾರ್ ಕಚೇರಿ, ಬ್ಯಾಂಕು, ಜೆರಾಕ್ಸ್ ಅಂಗಡಿ, ಎಲ್ಲಿ ಹೋದ್ರೂ ಕಿವಿಗೆ ಬೀಳುತ್ತೆ. ‘ಕರೆಂಟ್ ಹೋಯ್ತು’, ‘ನೀರು ಬಂದಿಲ್ಲ’ ಅಂತೀವಲ್ಲ, ಹಂಗೇ. ಮುಂದಿನ ಪ್ರಶ್ನೆ ಯಾರೂ ಕೇಳಲ್ಲ. ಯಾವ ಸರ್ವರ್? ಯಾವಾಗಿಂದ? ಇಲ್ಲಿ ಮಾತ್ರನಾ, ಎಲ್ಲಾ ಕಡೆನಾ? ಹೇಳಿದೋರಿಗೂ ಗೊತ್ತಿಲ್ಲ, ಕೇಳಿದೋರಿಗೂ ಗೊತ್ತಿಲ್ಲ.

ಆದ್ರೆ ಇದರ ಬೆಲೆ ಮಾತ್ರ ಒಬ್ಬರೇ ಕೊಡ್ತಾರೆ. ಸಿರುಗುಪ್ಪ ತಾಲ್ಲೂಕಿನ ಹಳ್ಳಿಯಿಂದ ಒಬ್ಬ ಭತ್ತದ ರೈತ ಬೆಳೆ ವಿಮೆ ಅರ್ಜಿಗೋ, ಪಹಣಿಗೋ, ಫ್ರೂಟ್ಸ್ ಐಡಿ ತಿದ್ದುಪಡಿಗೋ ಸೇವಾ ಕೇಂದ್ರಕ್ಕೆ ಬಂದಿರ್ತಾರೆ. ‘ಸರ್ವರ್ ಇಲ್ಲ ತಾತ, ನಾಳೆ ಬರ್ರಿ’ ಅಂತ ಉತ್ತರ. ನಾಳೆ ಬಂದ್ರೂ ಅದೇ ಉತ್ತರ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಮಕ್ಕಳಿಗೆ ಬಸ್ ಚಾರ್ಜು ಇಲ್ಲ, ಸರಿ. ಆದ್ರೆ ಹೋದ ದಿನದ ಕೂಲಿಯನ್ನ ಯಾವ ಯೋಜನೆಯೂ ವಾಪಸ್ ಕೊಡಲ್ಲ.

ನಾನು ಬಿ.ಕಾಂ. ಓದಿದೋನು. ಕಂಪ್ಯೂಟರ್ ಎಂಜಿನಿಯರ್ ಅಲ್ಲ. ಆದ್ರೆ ಲೆಕ್ಕ ಬರೆಯೋದು ಗೊತ್ತು. ಹಾಗಾಗಿ ಈ ‘ಸರ್ವರ್ ಡೌನ್’ ಅನ್ನೋದನ್ನ ಲೆಕ್ಕಕ್ಕೆ ತರೋಕೆ ಆಗುತ್ತಾ ಅಂತ ನೋಡಿದೆ. ಆಗುತ್ತೆ. ಅದಕ್ಕೆ ಬೇಕಾದ ಉಪಕರಣ ನಿಮ್ಮ ಕಂಪ್ಯೂಟರ್‌ನಲ್ಲಿ ಈಗಾಗಲೇ ಇದೆ. ದುಡ್ಡು ಕೊಡಬೇಕಿಲ್ಲ, ಡೌನ್‌ಲೋಡ್ ಕೂಡ ಮಾಡಬೇಕಿಲ್ಲ.

ಕರ್ಲ್ ಅನ್ನೋ ಕರಿ ಪರದೆಯ ಉಪಕರಣ

ಅದರ ಹೆಸರು ಕರ್ಲ್. ಸ್ವೀಡನ್ ದೇಶದ ಡೇನಿಯಲ್ ಸ್ಟೆನ್‌ಬರ್ಗ್ ಇದರ ಕರ್ತೃ. ಶುರುವಾದ ಕತೆ ಸ್ವಾರಸ್ಯವಾಗಿದೆ. 1996ರ ಸುಮಾರಿಗೆ ಅವರಿಗೆ ಒಂದು ಚಾಟ್ ರೂಮಿನಲ್ಲಿ ವಿದೇಶಿ ಹಣದ ವಿನಿಮಯ ದರ ತೋರಿಸಬೇಕಿತ್ತು. ದರ ಇದ್ದ ವೆಬ್ ಪುಟವನ್ನ ತಾನಾಗಿ ತರೋಕೆ ಬ್ರೆಜಿಲ್‌ನ ರಫಾಯೆಲ್ ಸಗುಲಾ ಬರೆದಿದ್ದ ಒಂದು ಪುಟ್ಟ ಪ್ರೋಗ್ರಾಂ ತಗೊಂಡು ಬೆಳೆಸ್ತಾ ಹೋದ್ರು. 1998ರ ಮಾರ್ಚ್ 20ಕ್ಕೆ ಅದು ಕರ್ಲ್ ಅನ್ನೋ ಹೆಸರಲ್ಲಿ ಹೊರಬಂತು. ಡಾಲರ್ ರೇಟ್ ನೋಡೋಕೆ ಹುಟ್ಟಿದ್ದು ಇವತ್ತು ಫೋನು, ಟಿವಿ, ಕಾರು, ಎಲ್ಲದರ ಒಳಗೂ ಕೂತಿದೆ. ವಿಂಡೋಸ್ 10ರಲ್ಲಿ 2018ರಿಂದ ಜೊತೆಗೇ ಬರ್ತಿದೆ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಮೊದಲಿಂದಲೂ ಸಿಗುತ್ತೆ. ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಅನ್ನೋ ಆ್ಯಪ್ ಹಾಕಿಕೊಂಡ್ರೆ ಅಲ್ಲೂ ಓಡಿಸಬಹುದು.

ಇದಕ್ಕೆ ಬಟನ್ನು, ಚಿತ್ರ ಏನೂ ಇಲ್ಲ. ಕರಿ ಪರದೆ ಮೇಲೆ ಒಂದು ಸಾಲು ಟೈಪ್ ಮಾಡಬೇಕು. ವಿಂಡೋಸ್‌ನಲ್ಲಿ ಸರ್ಚ್‌ಗೆ ಹೋಗಿ ಸಿ, ಎಂ, ಡಿ ಅಂತ ಮೂರು ಅಕ್ಷರ ಹೊಡೀರಿ. ಕಮಾಂಡ್ ಪ್ರಾಂಪ್ಟ್ ತೆರೆಯುತ್ತೆ. ಅಲ್ಲಿ ಕರ್ಲ್ ಅಂತ ಬರೆದು, ಒಂದು ಸ್ಪೇಸ್, ಒಂದು ಹೈಫನ್, ಅದಕ್ಕೆ ಅಂಟಿಕೊಂಡಂಗೆ ಕ್ಯಾಪಿಟಲ್ ಐ, ಇನ್ನೊಂದು ಸ್ಪೇಸ್, ಆಮೇಲೆ ಜಾಲತಾಣದ ಪೂರ್ತಿ ವಿಳಾಸ. ಎಂಟರ್ ಒತ್ತಿ. ಅಷ್ಟೇ. ಕರಿ ಪರದೆ ಬದಲು ನೀಲಿ ಪರದೆಯ ಪವರ್‌ಶೆಲ್ ತೆರೆದ್ರೆ ಕರ್ಲ್ ಪಕ್ಕ ಡಾಟ್ ಇಎಕ್ಸ್‌ಇ ಅಂತ ಸೇರಿಸಬೇಕು. ಯಾಕಂದ್ರೆ ಅಲ್ಲಿ ಅದೇ ಹೆಸರಲ್ಲಿ ಬೇರೆ ಒಂದು ಆಜ್ಞೆ ಓಡುತ್ತೆ.

ಉತ್ತರದ ಮೊದಲ ಸಾಲಿನಲ್ಲಿ ಒಂದು ಮೂರಂಕಿ ಇರುತ್ತೆ. ಅದನ್ನ ಓದೋಕೆ ಕಲಿತ್ರೆ ಅರ್ಧ ಕೆಲಸ ಮುಗೀತು.

200 ಬಂದ್ರೆ ಪುಟ ಇದೆ, ಬಾಗಿಲು ತೆರೆದಿದೆ. 301, 302 ಅಂದ್ರೆ ‘ಇಲ್ಲಿಲ್ಲ, ಪಕ್ಕದ ವಿಳಾಸಕ್ಕೆ ಹೋಗ್ರಿ’. 403 ಅಂದ್ರೆ ‘ನಿಮಗೆ ಒಳಗೆ ಬಿಡಲ್ಲ’. 404 ಅಂದ್ರೆ ಸರ್ವರ್ ಚೆನ್ನಾಗೇ ಇದೆ, ನೀವು ಕೇಳಿದ ಪುಟ ಮಾತ್ರ ಇಲ್ಲ. ಹಳೇ ಲಿಂಕ್ ಇಟ್ಕೊಂಡಿರಬಹುದು. 405 ಬಂದ್ರೆ ಗಾಬರಿ ಬೇಡ, ಕೇಳಿದ ರೀತಿ ಆ ತಾಣಕ್ಕೆ ಒಪ್ಪಿಗೆ ಇಲ್ಲ ಅಂತ ಮಾತ್ರ. ಅಂಥಲ್ಲಿ ಕ್ಯಾಪಿಟಲ್ ಐ ಬಿಟ್ಟು ಪೂರ್ತಿ ಪುಟ ತರಿಸಿ ನೋಡಬೇಕು.

ಐದರಿಂದ ಶುರುವಾದ್ರೆ ತೊಂದರೆ ಆ ಕಡೆಯದು. 500 ಅಂದ್ರೆ ಒಳಗೆ ಏನೋ ಮುರಿದಿದೆ. 503 ಅಂದ್ರೆ ‘ಈಗ ಆಗಲ್ಲ, ರಷ್ ಇದೆ ಅಥವಾ ರಿಪೇರಿ ನಡೀತಿದೆ’. 502, 504 ಅಂದ್ರೆ ಮುಂದಿನ ಕೌಂಟರ್ ಕೆಲಸ ಮಾಡ್ತಿದೆ, ಹಿಂದಿನ ಕೋಣೆಯಿಂದ ಸರಿಯಾದ ಉತ್ತರ ಬರ್ತಿಲ್ಲ. ನಮ್ಮ ಮಾತಿನಲ್ಲಿ ಇವೆಲ್ಲಕ್ಕೂ ಒಂದೇ ಹೆಸರು, ‘ಸರ್ವರ್ ಡೌನ್’.

ಕೆಲವೊಮ್ಮೆ ಮೂರಂಕಿ ಬರೋದೇ ಇಲ್ಲ. ಆಗ ಕರ್ಲ್ ತನ್ನದೇ ಸಂಖ್ಯೆ ಹೇಳುತ್ತೆ. 6 ಅಂದ್ರೆ ಆ ಹೆಸರಿನ ವಿಳಾಸವೇ ಸಿಗಲಿಲ್ಲ. 7 ಅಂದ್ರೆ ವಿಳಾಸ ಸಿಕ್ತು, ಸಂಪರ್ಕ ಆಗಲಿಲ್ಲ. 28 ಅಂದ್ರೆ ಕಾದು ಕಾದು ಹೊತ್ತು ಮುಗೀತು. 60 ಅಂದ್ರೆ ಭದ್ರತಾ ಪ್ರಮಾಣಪತ್ರದ ತಕರಾರು. ಈ 60ರಲ್ಲಿ ಒಂದು ತಮಾಷೆ ಇದೆ. ಹಳೇ ಕಂಪ್ಯೂಟರ್‌ನ ಮದರ್‌ಬೋರ್ಡ್‌ನಲ್ಲಿ ಒಂದು ಗುಂಡನೆ ಸೆಲ್ ಇರುತ್ತೆ, ಗಡಿಯಾರ ನಡೆಸೋಕೆ. ಅದು ಸತ್ತ್ರೆ ಕಂಪ್ಯೂಟರ್ ತಾರೀಖು ಹತ್ತು ಹದಿನೈದು ವರ್ಷ ಹಿಂದಕ್ಕೆ ಹೋಗಿಬಿಡುತ್ತೆ. ಆಗ ದೇಶದ ಯಾವ ಸುರಕ್ಷಿತ ತಾಣ ತೆರೆದ್ರೂ ಪ್ರಮಾಣಪತ್ರ ಸರಿ ಇಲ್ಲ ಅನ್ನುತ್ತೆ. ಸೆಲ್ ಬದಲಿಸಿ ತಾರೀಖು ಸರಿಮಾಡಿದ್ರೆ ಸರ್ವರ್ ‘ಅಪ್’!

ವೇಗ ಅಳೆಯೋದು: ಪಾಸ್‌ಬುಕ್ ಲೆಕ್ಕ

ಈಗ ಎರಡನೇ ಅರ್ಧ. ಪುಟ ಬರುತ್ತೆ, ಆದ್ರೆ ನಿಧಾನ. ಎಲ್ಲಿ ನಿಧಾನ?

ಒಂದು ಪುಟ ನಿಮ್ಮ ಹತ್ರ ಬರೋಕೆ ಐದು ಹಂತ ಇದಾವೆ. ಕುರುಗೋಡಿನಿಂದ ಬಳ್ಳಾರಿಯ ಒಂದು ಕಚೇರಿಗೆ ಕಾಗದ ತರೋಕೆ ಹೋಗ್ತೀರಿ ಅಂದ್ಕೊಳ್ರಿ. ಮೊದಲು ಕಚೇರಿ ಎಲ್ಲಿದೆ ಅಂತ ವಿಳಾಸ ಕೇಳ್ತೀರಿ. ಎರಡನೇದು, ಗೇಟಿನವರೆಗೆ ಹೋಗಿ ಮುಟ್ಟೋದು. ಮೂರನೇದು, ವಾಚ್‌ಮನ್ ಗುರುತಿನ ಚೀಟಿ ನೋಡಿ ಒಳಗೆ ಬಿಡೋದು. ನಾಲ್ಕನೇದು, ಗುಮಾಸ್ತರು ಫೈಲ್ ಹುಡುಕಿ ಮೊದಲ ಹಾಳೆ ಕೈಗಿಡೋದು. ಐದನೇದು, ಉಳಿದ ಹಾಳೆಗಳನ್ನೆಲ್ಲ ಕೊಟ್ಟು ಮುಗಿಸೋದು.

ಕರ್ಲ್ ಈ ಐದೂ ಹಂತದ ಹೊತ್ತನ್ನ ಬೇರೆ ಬೇರೆ ಹೇಳುತ್ತೆ. ಅದರ ಭಾಷೆಯಲ್ಲಿ ಟೈಮ್ ನೇಮ್‌ಲುಕಪ್, ಟೈಮ್ ಕನೆಕ್ಟ್, ಟೈಮ್ ಆ್ಯಪ್‌ಕನೆಕ್ಟ್, ಟೈಮ್ ಸ್ಟಾರ್ಟ್‌ಟ್ರಾನ್ಸ್‌ಫರ್, ಟೈಮ್ ಟೋಟಲ್. ಟೈಮ್ ಪದದ ನಂತರ ಸ್ಪೇಸ್ ಬದಲು ಅಂಡರ್‌ಸ್ಕೋರ್ ಬರುತ್ತೆ. ನೋಟ್‌ಪ್ಯಾಡ್‌ನಲ್ಲಿ ಈ ಐದು ಹೆಸರು ಬರೆದು, ಪ್ರತಿಯೊಂದನ್ನೂ ಫ್ಲವರ್ ಬ್ರಾಕೆಟ್‌ನೊಳಗಿಟ್ಟು, ಬ್ರಾಕೆಟ್ ಮುಂದೆ ಶೇಕಡಾ ಚಿಹ್ನೆ ಹಾಕಿ, ಒಂದು ಹೆಸರಲ್ಲಿ ಫೈಲ್ ಉಳಿಸ್ರಿ. ಆಮೇಲೆ ಕರ್ಲ್ ಸಾಲಿನಲ್ಲಿ ಹೈಫನ್ ಸಣ್ಣ ಡಬ್ಲ್ಯು, ಸ್ಪೇಸ್, ಅಟ್ ಚಿಹ್ನೆ, ಅದಕ್ಕೆ ಅಂಟಿಸಿ ಫೈಲಿನ ಹೆಸರು. ಕೊನೆಗೆ ತಾಣದ ವಿಳಾಸ. ಒಂದು ಸಲ ಮಾಡಿಟ್ರೆ ಮುಂದೆ ಬರೀ ಬಾಣದ ಗುರುತು ಒತ್ತಿ ಅದೇ ಸಾಲು ಮತ್ತೆ ಓಡಿಸಬಹುದು.

ಇಲ್ಲಿ ಒಂದು ಎಚ್ಚರ. ಈ ಐದು ಸಂಖ್ಯೆ ಬಿಡಿ ಬಿಡಿ ಅಲ್ಲ. ಪಾಸ್‌ಬುಕ್‌ನ ಬ್ಯಾಲೆನ್ಸ್ ಕಾಲಂ ಇದ್ದಂಗೆ, ಶುರುವಿನಿಂದ ಇಲ್ಲಿವರೆಗೆ ಎಷ್ಟಾಯ್ತು ಅಂತ. ಒಂದು ಹಂತಕ್ಕೆ ಎಷ್ಟು ಹಿಡೀತು ಅಂತ ತಿಳಿಯೋಕೆ ಅದರ ಹಿಂದಿನ ಸಾಲು ಕಳೀಬೇಕು. ಉದಾಹರಣೆಗೆ ಹೀಗೆ ಬಂತು ಅಂದ್ಕೊಳ್ರಿ: 0.03, 0.08, 0.17, 9.40, 9.60. ವಿಳಾಸ ಕೇಳೋಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಆಗಿಲ್ಲ. ಗೇಟು, ವಾಚ್‌ಮನ್ ಎಲ್ಲ ಸಲೀಸು. ಮೂರನೇದರಿಂದ ನಾಲ್ಕನೇದಕ್ಕೆ 9 ಸೆಕೆಂಡಿಗೂ ಜಾಸ್ತಿ ಹಾರಿದೆ ನೋಡ್ರಿ. ಗುಮಾಸ್ತರು ಫೈಲ್ ಹುಡುಕ್ತಾ ಕೂತಿದ್ದಾರೆ. ಅಂದ್ರೆ ನಿಮ್ಮ ಇಂಟರ್ನೆಟ್ ಚೆನ್ನಾಗಿದೆ, ಆ ಕಡೆಯ ಸರ್ವರ್ ಮೇಲೆ ಭಾರ ಬಿದ್ದಿದೆ. ನೀವು ದುಬಾರಿ ಪ್ಲಾನ್ ಹಾಕಿಸಿದ್ರೂ ಇದು ಸರಿಹೋಗಲ್ಲ.

ಅದೇ ಮೊದಲ ಸಂಖ್ಯೆಯೇ 5 ಸೆಕೆಂಡು ಇದ್ರೆ? ಆಗ ಕಚೇರಿ ತೆರೆದೇ ಇದೆ, ದಾರಿ ಹೇಳೋನು ಮಲಗಿದ್ದಾನೆ. ದಾರಿ ಹೇಳೋ ಕೆಲಸ ಡಿಎನ್‌ಎಸ್‌ದು. ಸಾಮಾನ್ಯವಾಗಿ ಅದನ್ನ ನಡೆಸೋದು ನಿಮಗೆ ಇಂಟರ್ನೆಟ್ ಕೊಟ್ಟಿರೋ ಕಂಪನಿ.

ಒಂದೇ ಮಾತು, ಎರಡು ಕಾಯಿಲೆ

ಇದನ್ನ ಪರೀಕ್ಷೆ ಮಾಡೋಕೆ ಮೂರು ಕಡೆ ಒಂದೇ ಹೊತ್ತಿಗೆ ಒಂದೇ ಸಾಲು ಓಡಿಸಿ ನೋಡಿದ್ವಿ. ಬಳ್ಳಾರಿಯಲ್ಲಿ ನಾನು, ಸಿರುಗುಪ್ಪದಲ್ಲಿ ಸೇವಾ ಕೇಂದ್ರ ನಡೆಸೋ ಒಬ್ಬ ಅಕ್ಕ, ಕುರುಗೋಡಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರೋ ಗೆಳೆಯ. ಮೂವರೂ ಅವತ್ತು ‘ಸರ್ವರ್ ಡೌನ್’ ಅಂತಾನೇ ಕೂತಿದ್ವಿ. ತಾಣದ ಹೆಸರು ಹೇಳಲ್ಲ. ಕಂಡಿದ್ದು ಏನು ಅಂತ ಹೇಳ್ತೀನಿ.

ಬಳ್ಳಾರಿ, ಸಿರುಗುಪ್ಪ ಎರಡೂ ಕಡೆ ಮೊದಲ ಮೂರು ಹಂತ ಸಲೀಸಾಗಿ ಮುಗಿದು, ನಾಲ್ಕನೇದು ಎಳೀತಿತ್ತು. ಎರಡು ಊರು, ಎರಡು ಬೇರೆ ಬೇರೆ ಇಂಟರ್ನೆಟ್ ಕಂಪನಿ, ಒಂದೇ ಲಕ್ಷಣ. ಅಂದ್ರೆ ಭಾರ ಇರೋದು ಆ ಕಡೆ. ಮಾರನೇ ದಿನ ಬೆಳಗ್ಗೆ ಏಳೂವರೆಗೆ ಅದೇ ಸಾಲು ಓಡಿಸಿದ್ರೆ ಪುಟ ಪಟ್ ಅಂತ ಬಂತು. ಹನ್ನೊಂದು ಗಂಟೆಗೆ ಮತ್ತೆ ಎಳೆದಾಟ.

ಕುರುಗೋಡಿನ ಲೆಕ್ಕ ಬೇರೇನೇ ಇತ್ತು. ಅಲ್ಲಿ ಬೆಳಗ್ಗೆಯೂ ನಿಧಾನ, ಮಧ್ಯಾಹ್ನವೂ ನಿಧಾನ, ಯಾವ ತಾಣ ಕೊಟ್ರೂ ನಿಧಾನ. ಮೊದಲ ಸಂಖ್ಯೆಯೇ ಐದು ಸೆಕೆಂಡು ದಾಟ್ತಿತ್ತು. ದಾರಿ ಹೇಳೋನು ಮಲಗಿದ್ದ. ಕಂಪ್ಯೂಟರ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಜಾಗದಲ್ಲಿ ಗೂಗಲ್‌ನ 8.8.8.8 ಹಾಕಿದ್ವಿ. ಕ್ಲೌಡ್‌ಫ್ಲೇರ್‌ನ 1.1.1.1 ಹಾಕಿದ್ರೂ ಆಗುತ್ತೆ. ಹತ್ತು ನಿಮಿಷದ ಕೆಲಸ. ಗೆಳೆಯ ಅಂದ: ‘ಮೂರು ತಿಂಗಳಿಂದ ಸರ್ಕಾರನ ಬೈಕೊಂಡು ಕೂತಿದ್ನಲ್ಲೋ ಮಾರಾಯ, ಸಮಸ್ಯೆ ನನ್ನ ಟೇಬಲ್ ಮೇಲೇ ಐತೆ!’

ಮೂರು ತಿಂಗಳು ಅಂದ್ರೆ ಎಷ್ಟು ಜನ ವಾಪಸ್ ಹೋಗಿರಬೇಕು, ಯೋಚನೆ ಮಾಡ್ರಿ. ಅವನು ಸುಳ್ಳು ಹೇಳಿರಲಿಲ್ಲ, ಪರದೆ ಮೇಲೆ ಪುಟ ಬರ್ತಿರಲಿಲ್ಲ ಅನ್ನೋದು ನಿಜ. ಕಾಯಿಲೆ ಎರಡಿದ್ವು, ಹೆಸರು ಒಂದೇ ಇತ್ತು. ಹಾಗಾಗಿ ಔಷಧಿ ಸಿಗಲಿಲ್ಲ.

ಸಿರುಗುಪ್ಪದ ಅಕ್ಕ ಈಗ ಬೇರೆ ಪದ್ಧತಿ ಇಟ್ಕೊಂಡಿದ್ದಾರೆ. ಹಿಂದಿನ ಸಂಜೆಯೇ ದಾಖಲೆ ಸ್ಕ್ಯಾನ್ ಮಾಡಿ ಸಿದ್ಧ ಇಡ್ತಾರೆ. ಬೆಳಗ್ಗೆ ಅಂಗಡಿ ಬಾಗಿಲು ತೆಗೆದ ತಕ್ಷಣ ಒಂದು ಸಾಲು ಓಡಿಸ್ತಾರೆ. ಸಲೀಸಿದ್ರೆ ಒಟಿಪಿ ಬೇಕಾದೋರಿಗೆ ಮೊದಲು ಫೋನ್. ಎಳೀತಿದ್ರೆ ‘ಇವತ್ತು ಹೊರಡಬೇಡ್ರಿ’ ಅಂತ ಹಳ್ಳಿಗೆ ಫೋನ್. ಸರ್ವರ್ ಸರಿ ಮಾಡೋದು ಅವರ ಕೈಯಲ್ಲಿಲ್ಲ. ಒಬ್ಬರ ಕೂಲಿ ಉಳಿಸೋದು ಅವರ ಕೈಯಲ್ಲಿದೆ.

ಈ ಉಪಕರಣಕ್ಕೆ ಕಾಣದ್ದು

ಇದು ಮಂತ್ರದಂಡ ಅಲ್ಲ. ಕರ್ಲ್ ನೋಡೋದು ಹೊರಬಾಗಿಲು ಮಾತ್ರ. ಕೆಲವು ತಾಣಗಳು 200 ಅಂತ ಹೇಳಿ ಒಳಗೆ ‘ಸೇವೆ ತಾತ್ಕಾಲಿಕವಾಗಿ ಲಭ್ಯವಿಲ್ಲ’ ಅಂತ ಬೋರ್ಡು ಹಾಕಿರ್ತಾವೆ. ಬಾಗಿಲು ತೆರೆದಿದೆ, ಕೌಂಟರ್ ಮುಚ್ಚಿದೆ. ಲಾಗಿನ್ ಆದ ಮೇಲಿನ ಪುಟ, ಬಾರದ ಒಟಿಪಿ, ಹೆಬ್ಬೆಟ್ಟಿನ ಗುರುತು ಹೊಂದದ ಬಯೋಮೆಟ್ರಿಕ್ ಯಂತ್ರ, ಇವು ಯಾವುದೂ ಈ ಒಂದು ಸಾಲಿಗೆ ಕಾಣಲ್ಲ. ಹಾಗೇ ಬ್ರೌಸರ್‌ನಲ್ಲಿ ಚಿತ್ರ, ಬಣ್ಣ, ಲೆಕ್ಕಾಚಾರ ಎಲ್ಲ ಕೂಡಿ ಪುಟ ಪೂರ್ತಿ ಮೂಡೋಕೆ ಹಿಡಿಯೋ ಹೊತ್ತನ್ನೂ ಇದು ಹೇಳಲ್ಲ.

ಇನ್ನೊಂದು ವಿಷಯ, ಪಿಂಗ್. ಅನೇಕರಿಗೆ ಕಾಲೇಜಿನಲ್ಲಿ ಹೇಳಿಕೊಟ್ಟಿರ್ತಾರೆ. 1983ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್ ಬರೆದದ್ದು. ಜಲಾಂತರ್ಗಾಮಿಯ ಸೋನಾರ್ ‘ಪಿಂಗ್’ ಅಂತ ಸದ್ದು ಕಳಿಸಿ ಪ್ರತಿಧ್ವನಿ ಕೇಳುತ್ತಲ್ಲ, ಆ ಸದ್ದಿನ ಹೆಸರನ್ನೇ ಇಟ್ರು. ಒಳ್ಳೇ ಉಪಕರಣ. ಆದ್ರೆ ಭದ್ರತೆಗಾಗಿ ಬಹಳ ತಾಣಗಳು ಪಿಂಗ್‌ಗೆ ಉತ್ತರ ಕೊಡೋದನ್ನೇ ನಿಲ್ಲಿಸಿರ್ತಾವೆ. ಪಿಂಗ್‌ಗೆ ಉತ್ತರ ಬರಲಿಲ್ಲ ಅಂದ ಮಾತ್ರಕ್ಕೆ ತಾಣ ಸತ್ತಿದೆ ಅಂತಲ್ಲ. ಅದಕ್ಕೇ ನಾನು ಕರ್ಲ್ ಅಂತಿರೋದು. ಅದು ನಿಮ್ಮ ಬ್ರೌಸರ್ ತಟ್ಟೋ ಬಾಗಿಲನ್ನೇ ತಟ್ಟುತ್ತೆ.

ಕಿರ್ದಿ ಬರೀರಿ

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ಒಂದು ಸಲ ನೋಡಿದ್ರೆ ಅದು ಕುತೂಹಲ. ದಿನಾ ನೋಡಿ ಬರೆದಿಟ್ರೆ ಅದು ದಾಖಲೆ. ನಮ್ಮ ಅಜ್ಜಂದಿರು ಕಿರ್ದಿ ಬರೀತಿದ್ರಲ್ಲ, ಹಂಗೆ.

ದಾಖಲೆಯ ತೂಕ ಏನು ಅಂತ ಒಂದು ನಿಜ ಘಟನೆಯಲ್ಲಿ ನೋಡೋಣ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯೋರು, ಅಕ್ಕಿ ಗಿರಣಿಯೋರು, ಎಲ್ಲರಿಗೂ ಜಿಎಸ್‌ಟಿ ರಿಟರ್ನ್ ಅಂದ್ರೆ ತಿಂಗಳ ತಲೆನೋವು. ಗಡುವು ತಪ್ಪಿದ್ರೆ ಜಿಎಸ್‌ಟಿಆರ್ 3ಬಿಗೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ವ್ಯವಹಾರವೇ ಇಲ್ಲದಿದ್ರೂ ದಿನಕ್ಕೆ 20. ಎಲ್ಲರೂ ಕೊನೇ ದಿನ ನುಗ್ಗೋದ್ರಿಂದ ಪೋರ್ಟಲ್ ಮೇಲೆ ಭಾರ ಬೀಳುತ್ತೆ ಅಂತ 2020ರ ಜನವರಿಯಲ್ಲಿ ಕೇಂದ್ರ ಸರ್ಕಾರವೇ ಗಡುವನ್ನ 20, 22, 24 ಅಂತ ಹಂಚಿಬಿಡ್ತು. ಸಣ್ಣ ವ್ಯಾಪಾರಿಗಳ ಪೈಕಿ ಕರ್ನಾಟಕ 22ರ ಗುಂಪಿಗೆ ಬಂತು.

ಆಮೇಲೆ 2025ರ ಜನವರಿ. ಜಿಎಸ್‌ಟಿಆರ್ 1 ಸಲ್ಲಿಸೋ ಕೊನೇ ಹೊತ್ತಿನಲ್ಲಿ, 9 ಮತ್ತು 10ನೇ ತಾರೀಖು, ಪೋರ್ಟಲ್ ಕೈಕೊಟ್ಟಿತು. ಆಗ ಜಿಎಸ್‌ಟಿ ನೆಟ್‌ವರ್ಕ್‌ನೋರು ತಾಂತ್ರಿಕ ತೊಂದರೆ ಇದೆ ಅಂತ ಬಹಿರಂಗವಾಗಿ ಒಪ್ಪಿಕೊಂಡು, ಗಡುವು ವಿಸ್ತರಿಸೋ ಬಗ್ಗೆ ಪರಿಶೀಲಿಸೋಕೆ ಪರೋಕ್ಷ ತೆರಿಗೆ ಮಂಡಳಿಗೆ ಘಟನಾ ವರದಿ ಕಳಿಸ್ತಿದ್ದೀವಿ ಅಂದ್ರು. ಜಿಎಸ್‌ಟಿಆರ್ 1ರ ಗಡುವು 13ಕ್ಕೆ ಹೋಯ್ತು.

ಗಮನಿಸ್ರಿ. ಗಡುವು ಮುಂದಕ್ಕೆ ಹೋಗೋಕೆ ಒಂದು ಘಟನಾ ವರದಿ ಬೇಕಾಯ್ತು. ದೇಶಕ್ಕೆ ದೇಶವೇ ನಿಂತಾಗ ಆ ವರದಿ ತಾನಾಗೇ ಹುಟ್ಟುತ್ತೆ, ಟಿವಿಯಲ್ಲಿ ಬರುತ್ತೆ, ಲೆಕ್ಕ ಪರಿಶೋಧಕರು ಗಲಾಟೆ ಮಾಡ್ತಾರೆ. ಸಿರುಗುಪ್ಪದ ಒಂದು ಕೇಂದ್ರದಲ್ಲಿ ಮೂರು ದಿನ ಪುಟ ತೆರೆಯದಿದ್ರೆ? ಆ ವರದಿ ಬರೆಯೋರು ಯಾರೂ ಇಲ್ಲ. ನಮ್ಮ ವರದಿ ನಾವೇ ಬರೀಬೇಕು.

ಇನ್ನೊಂದು ಕಾನೂನಿನ ಮಾತು. ನಮ್ಮ ರಾಜ್ಯದಲ್ಲಿ ಸಕಾಲ ಇದೆ. 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿ. ನಿಗದಿತ ದಿನದೊಳಗೆ ಸೇವೆ ಕೊಡದಿದ್ರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಒಳ್ಳೇ ಕಾನೂನು. ಆದ್ರೆ ಸಕಾಲದ ಗಡಿಯಾರ ಶುರುವಾಗೋದು ಅರ್ಜಿ ಸ್ವೀಕಾರ ಆಗಿ ಸಂಖ್ಯೆ ಸಿಕ್ಕ ಮೇಲೆ. ಪೋರ್ಟಲ್ ತೆರೆಯದೇ ಅರ್ಜಿನೇ ಒಳಗೆ ಹೋಗದಿದ್ರೆ? ಸಂಖ್ಯೆ ಇಲ್ಲ. ಗಡಿಯಾರ ಇಲ್ಲ. ವಿಳಂಬವೂ ಇಲ್ಲ! ಲೆಕ್ಕದ ಪ್ರಕಾರ ಆ ತಾತ ಆ ದಿನ ಬಂದೇ ಇಲ್ಲ. ಮೂರು ಸಲ ಬಂದು ಹೋದದ್ದು ಎಲ್ಲೂ ದಾಖಲಾಗಿಲ್ಲ.

ಆ ಖಾಲಿ ಜಾಗ ತುಂಬೋಕೆ ಈ ಕಿರ್ದಿ. ಹೇಗೆ? ವಿಂಡೋಸ್‌ನಲ್ಲಿ ಟಾಸ್ಕ್ ಶೆಡ್ಯೂಲರ್ ಅಂತ ಇದೆ, ಲಿನಕ್ಸ್‌ನಲ್ಲಿ ಕ್ರಾನ್. ಹತ್ತು ನಿಮಿಷಕ್ಕೊಮ್ಮೆ ನಮ್ಮ ಸಾಲು ತಾನೇ ಓಡೋ ಹಾಗೆ ಇಡಬಹುದು. ಉತ್ತರ ಒಂದು ಫೈಲಿಗೆ ಸೇರ್ತಾ ಹೋಗಲಿ. ನಾಲ್ಕು ಕಾಲಂ ಸಾಕು: ತಾರೀಖು ಮತ್ತು ಹೊತ್ತು, ತಾಣ, ಮೂರಂಕಿ, ಹಿಡಿದ ಸೆಕೆಂಡು. ಎಕ್ಸೆಲ್‌ನಲ್ಲಿ ತೆರೆದ್ರೆ ಯಾವ ಹೊತ್ತಿಗೆ ಏನಾಗಿತ್ತು ಅಂತ ಕಣ್ಣಿಗೆ ಕಾಣುತ್ತೆ. ಸಾಲಿನಲ್ಲಿ ಮ್ಯಾಕ್ಸ್ ಟೈಮ್ ಅನ್ನೋ ಮಿತಿ ಹಾಕೋದು ಮರೀಬೇಡ್ರಿ: ಎರಡು ಹೈಫನ್, ಮ್ಯಾಕ್ಸ್, ಹೈಫನ್, ಟೈಮ್, ಸ್ಪೇಸ್, 20. ಇಪ್ಪತ್ತು ಸೆಕೆಂಡಿಗೆ ಉತ್ತರ ಬರದಿದ್ರೆ ಅದು ಕೈಬಿಟ್ಟು 28 ಅಂತ ಕೊಡುತ್ತೆ. ಹೋಲಿಸಿ ನೋಡೋಕೆ ಜೊತೆಗೆ ಇನ್ನೊಂದು ದೊಡ್ಡ ತಾಣವನ್ನೂ ಪಟ್ಟಿಗೆ ಸೇರಿಸ್ರಿ. ಎರಡೂ ಒಟ್ಟಿಗೆ ಬಿದ್ದಿದ್ರೆ ನಿಮ್ಮ ಇಂಟರ್ನೆಟ್ ಹೋಗಿತ್ತು. ಒಂದೇ ಬಿದ್ದಿದ್ರೆ ತೊಂದರೆ ಆ ತಾಣದ್ದೇ ಇರಬೇಕು.

ಈಗ ವ್ಯತ್ಯಾಸ ನೋಡ್ರಿ. ರಾಜ್ಯದ ಕುಂದುಕೊರತೆ ಸಹಾಯವಾಣಿ 1902 ಇದೆ. ಅಲ್ಲಿಗೆ ಫೋನ್ ಮಾಡಿ ‘ಸರ್ವರ್ ಯಾವಾಗ್ಲೂ ಡೌನ್ ರೀ’ ಅಂದ್ರೆ ‘ಚೆಕ್ ಮಾಡ್ತೀವಿ’ ಅಂತಾರೆ, ಅಷ್ಟಕ್ಕೇ ಮುಗೀತು. ಅದರ ಬದಲು ‘ಸೋಮವಾರದಿಂದ ಬುಧವಾರದವರೆಗೆ ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಎರಡರವರೆಗೆ ಈ ಪುಟ 504 ಕೊಡ್ತಿದೆ, ಎರಡು ಊರಿನಲ್ಲಿ, ಎರಡು ಬೇರೆ ಕಂಪನಿಯ ಇಂಟರ್ನೆಟ್‌ನಲ್ಲಿ ನೋಡಿದ್ದೀವಿ, ಪಟ್ಟಿ ಇಟ್ಟಿದ್ದೀವಿ’ ಅಂದ್ರೆ? ಆ ಮಾತು ಎಂಜಿನಿಯರ್ ಟೇಬಲ್‌ವರೆಗೆ ಹೋಗೋಕೆ ಯೋಗ್ಯ. ಯಾಕಂದ್ರೆ 504 ಅನ್ನೋದು ಅವರ ಭಾಷೆ. ಹಿಂದಿನ ಕೋಣೆಯಲ್ಲಿ ಹುಡುಕಬೇಕು ಅಂತ ಅವರಿಗೆ ಅದು ಹೇಳುತ್ತೆ.

ಬಾಗಿಲು ತಟ್ಟೋದು ಬೇರೆ, ಒದೆಯೋದು ಬೇರೆ

ಕೊನೆಗೆ ಒಂದು ಗಂಭೀರ ಎಚ್ಚರಿಕೆ. ಈ ಸಾಲನ್ನ ಸೆಕೆಂಡಿಗೆ ನೂರು ಸಲ ಓಡಿಸೋದೂ ಸುಲಭ. ಮಾಡಬೇಡ್ರಿ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ಮುಗ್ಗರಿಸಿದ್ದು ನೆನಪಿರಬಹುದು. ಉದ್ದೇಶಪೂರ್ವಕವಾಗಿ ನಕಲಿ ಕೋರಿಕೆಗಳನ್ನ ಸುರಿದು ದಾಳಿ ಮಾಡಿದ್ದಾರೆ ಅಂತ ಸರ್ಕಾರ ಹೇಳಿತು, ಸೈಬರ್ ಪೊಲೀಸರಿಗೆ ದೂರು ಹೋಯ್ತು. ಸೈಟು, ಮನೆ ನೋಂದಣಿಗೆ ಬಂದ ಜನ ಕಚೇರಿ ಬಾಗಿಲಲ್ಲಿ ನಿಂತ್ರು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಪ್ರಕಾರ ಬೇರೆಯವರಿಗೆ ಸೇವೆ ಸಿಗದಂಗೆ ಮಾಡೋದು ಅಪರಾಧ.

ಹಾಗಾಗಿ ನನ್ನ ನಿಯಮ: ಮುಖಪುಟ ಮಾತ್ರ, ಹತ್ತು ನಿಮಿಷಕ್ಕೊಮ್ಮೆ ಮಾತ್ರ, ಯಾರದ್ದೇ ಆಧಾರ್ ಅಥವಾ ಸರ್ವೆ ನಂಬರ್ ಹಾಕಿ ಹುಡುಕೋದಿಲ್ಲ. ಕೇಂದ್ರ ಮುಚ್ಚಿದ ಮೇಲೆ ಅದೂ ಬಂದ್. ಹತ್ತು ನಿಮಿಷಕ್ಕೆ ಒಂದು ಕೋರಿಕೆ ಅಂದ್ರೆ ಒಬ್ಬ ಮನುಷ್ಯ ಪುಟ ತೆರೆದಷ್ಟು ಭಾರವೂ ಅಲ್ಲ.

ಸೇವೆ ನಡೆಸೋರ ಕಷ್ಟವೂ ಇದೆ ಅನ್ನೋದು ನನಗೆ ಗೊತ್ತು. 2023ರ ಜೂನ್‌ನಲ್ಲಿ ಗೃಹಜ್ಯೋತಿ, ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ರಾಜ್ಯದ ಜನ ಎಲ್ಲ ಒಂದೇ ಬಾಗಿಲಿಗೆ ಬಂದ್ರು. ಗೃಹಲಕ್ಷ್ಮಿಗೆ ಮೊದಲು ಯಾರು ಯಾವ ದಿನ, ಯಾವ ಹೊತ್ತಿಗೆ, ಯಾವ ಕೇಂದ್ರಕ್ಕೆ ಬರಬೇಕು ಅಂತ ಸರದಿ ಗೊತ್ತುಮಾಡಿದ್ದು ಅದಕ್ಕೇ. ಜಿಎಸ್‌ಟಿಯ 20, 22, 24 ಕೂಡ ಅದೇ ಉಪಾಯ. ದೊಡ್ಡ ಸರ್ವರ್ ತರೋದು ಒಂದು ದಾರಿ. ಸರದಿ ಹಂಚೋದು ಇನ್ನೊಂದು ದಾರಿ, ಅದಕ್ಕೆ ಖರ್ಚು ಕಡಿಮೆ. ಆದ್ರೆ ಸರದಿ ಹಂಚೋಕೆ ಯಾವ ಹೊತ್ತಿಗೆ ಎಷ್ಟು ಭಾರ ಅಂತ ಗೊತ್ತಿರಬೇಕು. ಅದು ಅವರಿಗೆ ಒಳಗಿಂದ ಗೊತ್ತಿರುತ್ತೆ. ನಮಗೆ ಹೊರಗಿಂದ ಗೊತ್ತಾಗೋಕೆ ಈ ಒಂದು ಸಾಲು.

ಇದನ್ನ ಕೇಳ್ತಿರೋ ಸೇವಾ ಕೇಂದ್ರದ ಅಕ್ಕ, ಅಣ್ಣಂದಿರಿಗೆ ನನ್ನ ವಿನಂತಿ ಇಷ್ಟೇ. ನಾಳೆಯಿಂದ ಗೋಡೆಗೆ ‘ಸರ್ವರ್ ಡೌನ್’ ಅಂತ ಚೀಟಿ ಅಂಟಿಸೋ ಮುಂಚೆ ಒಂದು ಸಲ ಓಡಿಸಿ ನೋಡ್ರಿ. ಚೀಟಿ ಅಂಟಿಸಲೇಬೇಕಾದ್ರೆ ಹೊತ್ತು ಬರೀರಿ, ಮೂರಂಕಿ ಬರೀರಿ. ಬಂದು ವಾಪಸ್ ಹೋದೋರ ಸಂಖ್ಯೆಯನ್ನೂ ಪಕ್ಕದಲ್ಲಿ ಬರೀರಿ. ಅದನ್ನ ಯಾವ ಉಪಕರಣವೂ ಎಣಿಸಲ್ಲ, ನೀವೇ ಎಣಿಸಬೇಕು.

ಮುಂದಿನ ಕಂತಿನಲ್ಲಿ ಒಟಿಪಿ ಯಾಕೆ ತಡವಾಗಿ ಬರುತ್ತೆ ಅಂತ ಮಾತಾಡೋಣ.